ಗಣಕ ಪ್ರಶ್ನೋತ್ತರ: ಒತ್ತಿದ ಕೀಲಿ, ಮೂಡಿದ ಅಕ್ಷರ

ಪ್ರಶ್ನೆ: ನಮ್ಮ ಬಡಾವಣೆಯ ಗ್ರಂಥಾಲಯಕ್ಕೆ ಬರುವ ಮಕ್ಕಳಿಗೆ ಕನ್ನಡ ಬೆರಳಚ್ಚು ಕಲಿಸಲೆಂದು ಜಾವಾಸ್ಕ್ರಿಪ್ಟ್‌ನಲ್ಲಿ ಅಭ್ಯಾಸದ ಪುಟವೊಂದನ್ನು ಬರೆದಿದ್ದೇನೆ. ಕೀಲಿ ಒತ್ತಿದ ಕೂಡಲೇ ಬ್ರೌಸರ್ ಕೊಡುವ ಸೂಚನೆಯಾದ ಕೀಡೌನ್ ಈವೆಂಟ್‌ನಲ್ಲಿ ಬರುವ ಕೀಕೋಡ್ (ಕೀಲಿಯ ಸಂಖ್ಯೆ) ನೋಡಿ ಅದು ಸರಿ, ತಪ್ಪು ಹೇಳುತ್ತದೆ. ಆದರೆ ಮೊಬೈಲ್‌ನಲ್ಲಿ ಯಾವ ಅಕ್ಷರ ಒತ್ತಿದರೂ 229 ಎಂಬ ಒಂದೇ ಸಂಖ್ಯೆ ಬರುತ್ತಿದೆ. ‘ಕ್ಷಮೆ’ ಎಂದು ಸರಿಯಾಗಿ ಬರೆದ ಮಗುವಿಗೂ ತಪ್ಪೆಂದು ತೋರಿಸುತ್ತಿದೆ. ಏನು ಮಾಡಲಿ?
– ಓದುಗರೊಬ್ಬರು, ಮಲ್ಲೇಶ್ವರ

ಉತ್ತರ: ಸರಿಯಾಗಿ ಬರೆದ ಮಗುವಿಗೆ ತಪ್ಪೆಂದು ಹೇಳುವ ಪುಟವನ್ನು ಒಂದು ದಿನವೂ ಹಾಗೇ ಬಿಡಬಾರದು, ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ಮೊದಲು ಎತ್ತಿಕೊಂಡಿದ್ದೇನೆ.

ಕೀಲಿಮಣೆಗೆ ಯಾವ ಭಾಷೆಯೂ ಗೊತ್ತಿಲ್ಲ. ಯುಎಸ್‌ಬಿ ಕೀಲಿಮಣೆಯಲ್ಲಿ ಇಂಗ್ಲಿಷಿನ ‘ಕೆ’ ಇರುವ ಜಾಗವನ್ನು ಒತ್ತಿದಾಗ ಅದು ಕಂಪ್ಯೂಟರಿಗೆ ಕಳುಹಿಸುವುದು 14 ಎಂಬ ಸಂಖ್ಯೆಯನ್ನು ಮಾತ್ರ. ಅಂದರೆ ಇಂಥ ಸ್ಥಾನದ ಕೀಲಿ ಒತ್ತಲ್ಪಟ್ಟಿದೆ ಎಂಬಷ್ಟೇ ಸುದ್ದಿ. ಶಿಫ್ಟ್ ಒತ್ತಿದ್ದರೆ ಅದು ಬೇರೆಯೇ ಸುದ್ದಿಯಾಗಿ ಬರುತ್ತದೆ. ಆ ಕೀಲಿಗೆ ಬ್ರೌಸರ್ ಕೊಡುವ ಹಳೆಯ ಕೀಕೋಡ್ 75, ಮತ್ತು ಅಕ್ಷರ ಚಿಕ್ಕದಿರಲಿ ದೊಡ್ಡದಿರಲಿ ಅದು ಬದಲಾಗುವುದಿಲ್ಲ. ಪರದೆಯ ಮೇಲೆ ಮೂಡುವ ‘ಕ’ ಅಕ್ಷರಕ್ಕೆ ಯೂನಿಕೋಡ್, ಅಂದರೆ ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಪಟ್ಟಿ, ಕೊಟ್ಟಿರುವ ಸಂಖ್ಯೆಯಾದರೋ 3221. ಈ ಮೂರು ಸಂಖ್ಯೆಗಳು ಮೂರು ಬೇರೆ ವಿಷಯಗಳನ್ನು ಹೇಳುತ್ತವೆ. ಇಂಗ್ಲಿಷಿನಲ್ಲಿ ಒಂದು ಕೀಲಿಗೆ ಒಂದು ಅಕ್ಷರವೇ ಸಾಮಾನ್ಯವಾದ್ದರಿಂದ ಈ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ಕನ್ನಡಕ್ಕೆ ಬಂದ ಕೂಡಲೇ ತೊಡಕು ಶುರುವಾಗುತ್ತದೆ.

229 ಎಂದರೆ ಯಾವ ಕೀಲಿಯ ಸಂಖ್ಯೆಯೂ ಅಲ್ಲ. ಒತ್ತಿದ ಕೀಲಿಯನ್ನು ಭಾಷಾ ತಂತ್ರಾಂಶ ತನ್ನ ವಶಕ್ಕೆ ತೆಗೆದುಕೊಂಡಿದೆ, ಅದರಿಂದ ಏನು ಮೂಡುತ್ತದೆಂದು ಇನ್ನೂ ತೀರ್ಮಾನವಾಗಿಲ್ಲ ಎಂಬುದಕ್ಕೆ ಅದು ಗುರುತು. ಆಂಡ್ರಾಯ್ಡ್‌ನ ತೆರೆಕೀಲಿಮಣೆಗಳಲ್ಲಿ ಬಹುಮಟ್ಟಿಗೆ ಎಲ್ಲ ಅಕ್ಷರಗಳಿಗೂ ಇದೇ ಬರುತ್ತದೆ. ಧ್ವನಿಗೆ ಅನುಗುಣವಾಗಿ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸುವ ಸಾಧನಗಳನ್ನು ಬಳಸುವವರ ಕಂಪ್ಯೂಟರಿನಲ್ಲೂ ಇದನ್ನು ಕಾಣಬಹುದು. ಆದ್ದರಿಂದ ಕೀಕೋಡ್ ನೋಡುವುದನ್ನು ಪೂರ್ತಿ ಕೈಬಿಡಿ; ಹೇಗೂ ಅದು ಬಳಕೆಯಿಂದ ತೆಗೆಯಬೇಕಾದ ಗುಣವೆಂದು ಘೋಷಿತವಾಗಿದೆ. ಅದರ ಬದಲು, ಪೆಟ್ಟಿಗೆಯ ಪಠ್ಯ ಬದಲಾದಾಗ ಬರುವ ‘ಇನ್‌ಪುಟ್’ ಈವೆಂಟ್‌ಗೆ ಕಾಯ್ದು, ಪೆಟ್ಟಿಗೆಯಲ್ಲಿ ಆ ಕ್ಷಣಕ್ಕೆ ಇರುವ ಪಠ್ಯವನ್ನೇ ಓದಿಕೊಳ್ಳಿ. ಪದ ಇನ್ನೂ ಕೂಡಿಕೊಳ್ಳುತ್ತಿರುವಾಗ ‘ಈಸ್‌ಕಂಪೋಸಿಂಗ್’ ಗುಣ ನಿಜವೆಂದು ತೋರಿಸುತ್ತದೆ. ಅಷ್ಟು ಹೊತ್ತು ತೀರ್ಪು ಕೊಡಬೇಡಿ, ಪದ ಕೂಡಿ ಮುಗಿಯಿತೆಂದು ತಿಳಿಸುವ ‘ಕಾಂಪೊಸಿಷನ್‌ಎಂಡ್’ ಬಂದ ಮೇಲೆ ಕೊಡಿ. ಎಂಟರ್ ಕೀಲಿಗೂ ಈ ಎಚ್ಚರ ಬೇಕು, ಏಕೆಂದರೆ ಸಲಹೆಯ ಪದವನ್ನು ಆರಿಸಲೆಂದು ಮಗು ಒತ್ತಿದ ಎಂಟರನ್ನು ‘ಉತ್ತರ ಮುಗಿಯಿತು’ ಎಂದು ನಿಮ್ಮ ಪುಟ ತಿಳಿದುಕೊಳ್ಳಬಹುದು.

ಇನ್ನು ‘ಕ್ಷಮೆ’. ಕಣ್ಣಿಗೆ ಎರಡೇ ಅಕ್ಷರ ಕಂಡರೂ ಒಳಗೆ ಐದು ಸಂಕೇತಗಳಿವೆ: ಕ, ಅದರ ಸ್ವರವನ್ನು ತೆಗೆಯುವ ವಿರಾಮ ಚಿಹ್ನೆ (್), ಷ, ಮ, ಎತ್ವ (ೆ). ಅಲ್ಲಿಗೆ ತಲುಪುವ ಬೆರಳಿನ ದಾರಿಯೂ ಒಂದೇ ಅಲ್ಲ. ಕೆ. ಪಿ. ರಾವ್ ಅವರು ರೂಪಿಸಿದ, ನುಡಿ ತಂತ್ರಾಂಶದಿಂದ ನಮ್ಮಲ್ಲಿ ಮನೆಮಾತಾದ ಕೀಲಿಮಣೆ ವಿನ್ಯಾಸದಲ್ಲಿ ಒತ್ತಕ್ಷರಕ್ಕೆ ‘ಎಫ್’ ಕೀಲಿ ಬೇಕು. ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಅದೇ ಕೆಲಸಕ್ಕೆ ‘ಡಿ’ ಕೀಲಿ. ಈ ಎರಡು ವಿನ್ಯಾಸಗಳನ್ನು ಬಳಸುವ ಇಬ್ಬರೂ ಬರೆದದ್ದು ‘ಕ್ಷಮೆ’ಯೇ, ಇಬ್ಬರದೂ ಸರಿ. ಯಾವ ಬೆರಳು ಎಲ್ಲಿಗೆ ಹೋಗಬೇಕೆಂದು ಚಿತ್ರದಲ್ಲಿ ತೋರಿಸುವ ಪಾಠಕ್ಕೆ ಮಾತ್ರ ಕೀಲಿಯ ಸ್ಥಾನವನ್ನು ಹೇಳುವ ‘ಕೋಡ್’ ಗುಣವನ್ನು ಬಳಸಿ. ಅಂಕ ಕೊಡಲು ಅದು ಬೇಡ.

ಹೋಲಿಸುವ ಮುನ್ನ ಮಗು ಬರೆದ ಪಠ್ಯ, ಪಾಠದ ಪಠ್ಯ ಎರಡನ್ನೂ ‘ನಾರ್ಮಲೈಸ್’ ಮಾಡುವುದನ್ನು, ಅಂದರೆ ಒಂದೇ ಸಂಕೇತರೂಪಕ್ಕೆ ತರುವುದನ್ನು, ಮರೆಯಬೇಡಿ. ‘ಕೊ’ ಎಂಬುದರ ಒತ್ವ ಒಂದೇ ಸಂಕೇತವಾಗಿಯೂ ಇರಬಹುದು, ಎತ್ವ ಮತ್ತು ಊತ್ವ ಸೇರಿದ ಎರಡು ಸಂಕೇತಗಳಾಗಿಯೂ ಇರಬಹುದು. ಪರದೆಯ ಮೇಲೆ ಅವುಗಳನ್ನು ಬೇರ್ಪಡಿಸಲು ಯಾರಿಂದಲೂ ಆಗದು, ಆದರೆ ಪ್ರೋಗ್ರಾಂ ಅವೆರಡನ್ನೂ ಬೇರೆ ಎನ್ನುತ್ತದೆ. ‘ಸಾಫ್ಟ್‌ವೇರ್’ ಥರದ ಪದಗಳ ನಡುವೆ ಬರುವ, ಕಣ್ಣಿಗೆ ಕಾಣದ ಬೇರ್ಪಡಿಕೆಯ ಸಂಕೇತವನ್ನು ಮಾತ್ರ ನಾರ್ಮಲೈಸ್ ಮುಟ್ಟುವುದಿಲ್ಲ. ಚಿಕ್ಕ ಮಕ್ಕಳ ಪಾಠದಲ್ಲಿ ಅಂಥ ಪದಗಳನ್ನು ಇಡದಿರುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ.

ಪ್ರಶ್ನೆ: ಕಾಲೇಜಿನ ಲ್ಯಾಬ್‌ನಲ್ಲಿ ಸಿ ಭಾಷೆಯ ಹಳೆಯ ತಂತ್ರಾಂಶವಾದ ಟರ್ಬೊ ಸಿ ಬಳಸಿ ಬರೆದ ಹಾವಿನ ಆಟದಲ್ಲಿ ಮೇಲ್ಮುಖ ಬಾಣಕ್ಕೆ 72 ಬರುತ್ತಿತ್ತು. ಮನೆಯಲ್ಲಿ ಲಿನಕ್ಸ್‌ನಲ್ಲಿ ಅದೇ ಕೀಲಿಗೆ 27, 91, 65 ಎಂದು ಮೂರು ಸಂಖ್ಯೆಗಳು ಬರುತ್ತಿವೆ. ಯಾವುದು ಸರಿ?
– ಪಾಲಿಟೆಕ್ನಿಕ್ ವಿದ್ಯಾರ್ಥಿನಿ, ಜಯನಗರ

ಉತ್ತರ: ಅವರವರ ಲೆಕ್ಕದಲ್ಲಿ ಎರಡೂ ಸರಿ. ಬಾಣದ ಕೀಲಿಗೆ ಅಕ್ಷರವೇ ಇಲ್ಲದ ಕಾರಣ ಒತ್ತಿದ ಕೀಲಿಯನ್ನು ಓದುವ, ಟರ್ಬೊ ಸಿಯ ಗೆಟ್‌ಚ್ ಫಂಕ್ಷನ್ ಮೊದಲು 0 ಕೊಡುತ್ತದೆ, ಮತ್ತೊಮ್ಮೆ ಕರೆದಾಗ 72 ಕೊಡುತ್ತದೆ. ಆ 0 ಬಂದಿದೆಯೇ ಎಂದು ನೋಡದೆ 72 ಅನ್ನು ಮಾತ್ರ ಪರೀಕ್ಷಿಸಿದರೆ ಇಂಗ್ಲಿಷಿನ ದೊಡ್ಡ ‘ಎಚ್’ ಒತ್ತಿದರೂ ಹಾವು ಮೇಲೆ ಹೋಗುತ್ತದೆ, ಏಕೆಂದರೆ ಆ ಅಕ್ಷರದ ಸಂಖ್ಯೆಯೂ 72. ಲಿನಕ್ಸ್‌ನ ಟರ್ಮಿನಲ್ ಬಾಣವನ್ನು ಎಸ್ಕೇಪ್, ಎಡ ಚೌಕಾವರಣ, ದೊಡ್ಡ ‘ಎ’ ಎಂಬ ಸರಣಿಯಾಗಿ ಕಳುಹಿಸುತ್ತದೆ. ಇದನ್ನು ನೀವೇ ಬಿಡಿಸಲು ಹೊರಟರೆ ಬರಿಯ ಎಸ್ಕೇಪ್ ಒತ್ತಿದ್ದಾರೋ ಬಾಣ ಶುರುವಾಗಿದೆಯೋ ಎಂದು ತಿಳಿಯಲು ಕಾಯಬೇಕಾಗುತ್ತದೆ. ಟರ್ಮಿನಲ್‌ನ ಪರದೆ, ಕೀಲಿಗಳನ್ನು ನಿಭಾಯಿಸುವ ಎನ್‌ಕರ್ಸಸ್ ಲೈಬ್ರರಿ ಆ ಕೆಲಸ ಮಾಡಿಕೊಡುತ್ತದೆ. ಕೀಪ್ಯಾಡ್ ಫಂಕ್ಷನ್ ಒಮ್ಮೆ ಕರೆದರೆ ಮೇಲ್ಮುಖ ಬಾಣ ‘ಕೀ ಅಪ್’ ಎಂಬ ಒಂದೇ ಹೆಸರಿನಲ್ಲಿ ಸಿಗುತ್ತದೆ. ಎಸ್ಕೇಪ್ ಒತ್ತಿದಾಗ ಆಟ ಒಂದು ಸೆಕೆಂಡ್ ತಡವರಿಸಿದಂತೆ ಕಂಡರೆ ಅದು ಈ ಕಾಯುವಿಕೆಯೇ. ಎಷ್ಟು ಹೊತ್ತು ಕಾಯಬೇಕೆಂದು ಹೇಳುವ ‘ಎಸ್ಕ್ ಡಿಲೇ’ ಮೌಲ್ಯವನ್ನು ತಗ್ಗಿಸಿ.

ಪ್ರಶ್ನೆ: ನಮ್ಮ ಬಟ್ಟೆ ಅಂಗಡಿಯ ಬಿಲ್ಲಿಂಗ್ ಪ್ರೋಗ್ರಾಂನಲ್ಲಿ ಬಾರ್‌ಕೋಡ್ ಸ್ಕ್ಯಾನರ್ ಕೆಲವೊಮ್ಮೆ ಸರಕಿನ ಸಂಕೇತದ ಇಂಗ್ಲಿಷ್ ಅಕ್ಷರಗಳ ಬದಲು ಕನ್ನಡ ಅಕ್ಷರಗಳನ್ನು ತುಂಬುತ್ತದೆ. ಸ್ಕ್ಯಾನರ್ ಕೆಟ್ಟಿದೆಯೇ?
– ವ್ಯಾಪಾರಿ, ಚಿಕ್ಕಪೇಟೆ

ಉತ್ತರ: ಕೆಟ್ಟಿಲ್ಲ, ದುಡ್ಡು ಕೊಟ್ಟು ಬದಲಾಯಿಸಬೇಡಿ. ಇಂಥ ಸ್ಕ್ಯಾನರ್‌ಗಳು ಸಾಮಾನ್ಯವಾಗಿ ತಾವೂ ಒಂದು ಕೀಲಿಮಣೆಯೆಂದೇ ಕಂಪ್ಯೂಟರಿಗೆ ಪರಿಚಯಿಸಿಕೊಂಡು, ಅಕ್ಷರಗಳನ್ನಲ್ಲ, ಕೀಲಿಗಳ ಸ್ಥಾನಗಳನ್ನು ಕಳುಹಿಸುತ್ತವೆ. ಗಿರಾಕಿಯ ಹೆಸರು ಬರೆಯಲೆಂದು ಕನ್ನಡ ವಿನ್ಯಾಸಕ್ಕೆ ಬದಲಾಯಿಸಿ ಹಾಗೇ ಬಿಟ್ಟಿದ್ದರೆ ಆ ಸ್ಥಾನಗಳು ಕನ್ನಡ ಅಕ್ಷರಗಳಾಗಿಯೇ ಮೂಡುತ್ತವೆ. ಸ್ಕ್ಯಾನ್ ಮಾಡುವ ಮೊದಲು ಭಾಷೆಯನ್ನು ಇಂಗ್ಲಿಷಿಗೆ ತನ್ನಿ. ಪ್ರತಿ ಸಲವೂ ಇದನ್ನು ನೆನಪಿಡುವುದು ಕಷ್ಟವಾದರೆ, ಬಾರ್‌ಕೋಡ್ ಪೆಟ್ಟಿಗೆಗೆ ಕರ್ಸರ್ ಬಂದ ಕೂಡಲೇ ಇಂಗ್ಲಿಷ್ ವಿನ್ಯಾಸಕ್ಕೆ ತಾನಾಗಿ ಬದಲಾಗುವಂತೆ ಮಾಡಿಕೊಡಲು ಪ್ರೋಗ್ರಾಂ ಬರೆದವರನ್ನು ಕೇಳಿ.