ಅಪ್ಪ ಹೊಸಿಲು ದಾಟದಿರುವುದು ಯಾಕೆ?

ಊರಿನ ದೊಡ್ಡ ಮನೆಯವರು ಪ್ರೀತಿಯಿಂದ ಕರೆದರೂ ನಿಮ್ಮಪ್ಪ ಒಳಗೆ ಹೋಗಲ್ಲ, ಜಗಲಿಯಲ್ಲೇ ಕೂರುತ್ತಾರೆ, ನೌಕರಿ ಮಾಡಿದವರಿಗೂ ಯಾಕೆ ಈ ಕೀಳರಿಮೆ ಅಂತ ಕೇಳಿದ್ದೀರಿ.

ಅದನ್ನು ಸುಮ್ನೆ ಕೀಳರಿಮೆ ಅನ್ನಬೇಡಿ. ಅದು ಕಂಡು ಕಲಿತ ಎಚ್ಚರ. ನಾನು ಚಿಂತಾಮಣಿ ಕಡೆಯವನು. 2000ರ ಮಾರ್ಚಿನಲ್ಲಿ ನಮ್ಮ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಜೀವಂತ ಸುಟ್ಟರು. ಆರೋಪಿಗಳು 2006ರಲ್ಲಿ ಖುಲಾಸೆಯಾದರು, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. 2022ರಲ್ಲಿ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ಒಬ್ಬ ದಲಿತ ಹುಡುಗ ದೇವರ ಕೋಲು ಮುಟ್ಟಿದ ಅಂತ ಮನೆಯವರಿಗೆ 60,000 ರೂಪಾಯಿ ದಂಡ ಹಾಕಿದರು. ಅಸ್ಪೃಶ್ಯತೆ ನಿಷೇಧಿಸಿದ ಸಂವಿಧಾನದ 17ನೇ ವಿಧಿ 1950ರಿಂದಲೂ ಇದೆ. ಇದೆಲ್ಲ ನಿಮ್ಮಪ್ಪನಿಗೆ ಗೊತ್ತಿಲ್ಲದ್ದಲ್ಲ, ಅಲ್ವಾ?

ನಮ್ಮಜ್ಜಿ ಕೊನೆವರೆಗೂ ಹೋಟೆಲಲ್ಲಿ ಟೀ ಕುಡಿದ ಲೋಟವನ್ನು ತಾನೇ ತೊಳೆದಿಡುತ್ತಿದ್ದರು. ಯಾರೂ ಹೇಳುತ್ತಿರಲಿಲ್ಲ. ಹೇಳುವವರು ಸತ್ತು ಎಷ್ಟೋ ವರ್ಷ ಆಗಿತ್ತು. ನಾನು ಆಗ ಅಜ್ಜಿಯನ್ನು ಗದರಿದ್ದೆ. ಆ ನೋವು ಈಗಲೂ ಇದೆ.

ಅಪ್ಪನನ್ನು ಬಲವಂತ ಮಾಡಬೇಡಿ. ಚಿಕ್ಕಂದಿನಲ್ಲಿ ಆ ಬೀದಿಯಲ್ಲಿ ನೀರು ಹೇಗೆ ಸಿಗುತ್ತಿತ್ತು ಅಂತ ಕೇಳಿ, ತಾಳ್ಮೆಯಿಂದ ಕೇಳಿಸಿಕೊಳ್ಳಿ. ಆಮೇಲೆ ಆ ಮನೆಯವರನ್ನೇ ನಿಮ್ಮಲ್ಲಿಗೆ ಮುದ್ದೆ ಊಟಕ್ಕೆ ಕರೆಯಿರಿ. ಅವರು ಬಂದು ಪಂಕ್ತಿಯಲ್ಲಿ ಕೂತು ಉಂಡರೆ, ಅಪ್ಪನಿಗೂ ಆ ಹೊಸಿಲು ದಾಟಲು ಮನಸ್ಸು ಬರಬಹುದು.