ಅವತಾರ್ ಮೇಲಿನ ಕಿರುಕುಳಕ್ಕೆ ಕಾನೂನು ಇದೆಯೇ?

ಪ್ರಶ್ನೆ: ನನ್ನ 16 ವರ್ಷದ ಮಗಳು ವಿಆರ್ (ಕಂಪ್ಯೂಟರ್ ಸೃಷ್ಟಿಸಿದ ಲೋಕದೊಳಗೇ ಇರುವಂತೆ ತೋರಿಸುವ) ಹೆಡ್‌ಸೆಟ್ ಧರಿಸಿ ಆಡುತ್ತಿದ್ದಾಗ, ಅಪರಿಚಿತನೊಬ್ಬ, ಆಟದೊಳಗೆ ತನ್ನನ್ನು ಪ್ರತಿನಿಧಿಸುವ ಡಿಜಿಟಲ್ ರೂಪವಾದ ತನ್ನ ಅವತಾರ್‌ನಿಂದ ಅವಳ ಅವತಾರ್‌ನ ಮೈ ತಡವಿ ಅಶ್ಲೀಲವಾಗಿ ಮಾತನಾಡಿದ. ನಿಜವಾದ ದೇಹವನ್ನು ಯಾರೂ ಮುಟ್ಟಿಲ್ಲವಾದ್ದರಿಂದ ದೂರು ನಿಲ್ಲುವುದಿಲ್ಲ ಎಂದು ನಂಟರು ಹೇಳುತ್ತಾರೆ. ಹೌದೇ?
– ಒಬ್ಬ ತಾಯಿ, ಡೊಂಬಿವಲಿ

ಉತ್ತರ: ಇಲ್ಲಮ್ಮ, ಆ ಮಾತಿಗೆ ಕಿವಿಗೊಡಬೇಡಿ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ 7ನೇ ಕಲಮಿನ ಲೈಂಗಿಕ ಹಲ್ಲೆಗೆ ದೈಹಿಕ ಸಂಪರ್ಕ ಬೇಕೆಂಬುದು ನಿಜ. ಆದರೆ ಅದೇ ಕಾಯ್ದೆಯ 11ನೇ ಕಲಮು, 18 ತುಂಬದವರ ಎದುರು ಲೈಂಗಿಕ ಉದ್ದೇಶದಿಂದ ಆಡಿದ ಮಾತು, ಮಾಡಿದ ಸನ್ನೆ, ಡಿಜಿಟಲ್ ಸಾಧನದ ಮೂಲಕ ಪದೇಪದೇ ಬೆನ್ನುಹತ್ತುವಿಕೆ ಇವೆಲ್ಲವನ್ನೂ ಕಿರುಕುಳವೆಂದೇ ಕಾಣುತ್ತದೆ. ಹೆಡ್‌ಸೆಟ್ಟಿನೊಳಗೆ ದೃಶ್ಯವೂ ದನಿಯೂ ಅಷ್ಟು ಹತ್ತಿರವಿರುವುದರಿಂದ ಮಗುವಿಗಾಗುವ ಭಯ ನಿಜವಾದದ್ದೇ. ಅವಳನ್ನು ದಯವಿಟ್ಟು ಗದರಿಸಬೇಡಿ. 2024ರ ಜನವರಿಯಲ್ಲಿ ಬ್ರಿಟನ್ನಿನ ಪೊಲೀಸರು ಇಂಥದ್ದೇ ಪ್ರಕರಣವೊಂದರ ತನಿಖೆ ನಡೆಸುತ್ತಿರುವುದು ವರದಿಯಾಗಿತ್ತು.

ಆತನ ಬಳಕೆದಾರ ಹೆಸರು, ದಿನಾಂಕ, ಸಮಯ, ಇದ್ದರೆ ರೆಕಾರ್ಡಿಂಗ್ ಉಳಿಸಿಕೊಂಡು ಯಾವುದೇ ಠಾಣೆಯಲ್ಲಿ ದೂರು ಕೊಡಿ. ವ್ಯಾಪ್ತಿಯ ನೆಪವೊಡ್ಡಿದರೆ, ವ್ಯಾಪ್ತಿ ನೋಡದೆ ಯಾವುದೇ ಠಾಣೆ ದಾಖಲಿಸುವ ಝೀರೋ ಎಫ್‌ಐಆರ್ ಕೇಳಿ. ಹೆಡ್‌ಸೆಟ್ ಬಳಸುವಾಗ ಖಾಸಗಿತನದ ಬಗ್ಗೆಯೂ ಎಚ್ಚರ ಬೇಕು: 2020ರ ಸ್ಟ್ಯಾನ್‌ಫರ್ಡ್ ಅಧ್ಯಯನದಲ್ಲಿ, ಪ್ರತಿಯೊಬ್ಬರ 5 ನಿಮಿಷಕ್ಕೂ ಕಡಿಮೆ ಅವಧಿಯಲ್ಲಿ ವಿಆರ್ ಸಾಧನ ದಾಖಲಿಸಿದ ಮೈಚಲನೆಯ ದತ್ತಾಂಶದಿಂದಲೇ 511 ಜನರ ಪೈಕಿ ಶೇ 95ರಷ್ಟು ಮಂದಿಯನ್ನು ಗುರುತಿಸಲು ಸಾಧ್ಯವಾಯಿತು.