ಕಂಚಿನ ಮೂರ್ತಿಗಳು ಎಲ್ಲಿ ಹೋದವು?

ಪ್ರಿಯ ಮೇಷ್ಟ್ರೇ,

ಕಳೆದ ಸಂಚಿಕೆಯ ಗ್ರೀಕ್ ಶಿಲ್ಪದ ಲೇಖನ ಓದಿ ನೀವು ಬರೆದ ಪತ್ರ ಕೈಸೇರಿತು. ಬೇರೆ ಓದುಗರಿಗೂ ಗೊತ್ತಾಗಲಿ ಅಂತ ನಿಮ್ಮ ತಕರಾರುಗಳನ್ನು ಮೊದಲು ಹೇಳಿಬಿಡುತ್ತೇನೆ. ಲೇಖನದ ತುಂಬ ‘ಕಂಚು, ಕಂಚು’ ಅಂತ ಬರೆದು ಫೋಟೋ ಮಾತ್ರ ಬಿಳಿ ಅಮೃತಶಿಲೆಯದ್ದು ಹಾಕಿದ್ದೀರಿ, ಇದೆಂಥ ನ್ಯಾಯ ಅನ್ನುವುದು ಒಂದು. ಅರಿಸ್ಟಾಟಲ್ ಮಾತೆತ್ತಿದರೆ ಕಂಚಿನ ಪ್ರತಿಮೆ ಅನ್ನುತ್ತಾನೆ, ‘ಕಂಚು ಅಂದ್ರೆ ಕಂಚು, ಮೂರ್ತಿ ಅಂದ್ರೆ ಅದರ ಆಕಾರ, ಇದರಲ್ಲಿ ತತ್ವಶಾಸ್ತ್ರ ಎಲ್ಲಿ ಬಂತು?’ ಅನ್ನುವುದು ಇನ್ನೊಂದು. ಕೊನೆಗೆ, ಇಟಲಿಗೆ ಹೊರಟಿರುವ ನಿಮ್ಮ ಮಗಳು ಏನೇನು ನೋಡಬೇಕು ಅಂತ ಕೇಳಿದ್ದೀರಿ.

ಮೊದಲು ಫೋಟೋ. ಕಂಚಿನದ್ದೇ ಹಾಕೋಣ ಅಂದರೆ ಮೂಲ ಇರಬೇಕಲ್ಲ! ಪಾಲಿಕ್ಲೈಟಸ್ ಮಾಡಿದ ಈಟಿ ಹಿಡಿದ ಯುವಕ, ಮೈರಾನ್ ಮಾಡಿದ ಡಿಸ್ಕಸ್ ಎಸೆಯುವ ಆಟಗಾರ, ಎರಡೂ ಕ್ರಿ.ಪೂ. 5ನೇ ಶತಮಾನದ ಕಂಚಿನ ಕೆಲಸಗಳು. ಎರಡೂ ಈಗಿಲ್ಲ. ಉಳಿದಿರುವುದು ರೋಮನ್ನರ ಕಾಲದಲ್ಲಿ ಕಲ್ಲಿನಲ್ಲಿ ಮಾಡಿದ ನಕಲುಗಳು. ನಾವು ಹಾಕಿದ ಫೋಟೋ ಇನ್ನೊಮ್ಮೆ ನೋಡಿ. ಈಟಿ ಯುವಕನ ಕಾಲಿಗೆ ಅಂಟಿಕೊಂಡಂತೆ ಒಂದು ಮರದ ಬೊಡ್ಡೆ ಇದೆ. ಅದು ಶಿಲ್ಪಿಯ ಕಲ್ಪನೆಯಲ್ಲ, ಕಲ್ಲಿನ ಕಷ್ಟ. ಅಷ್ಟು ಭಾರದ ಮೈಯನ್ನು ಎರಡು ಸಣ್ಣ ಕಣಕಾಲು ಹೊರಲಾರವು, ಅದಕ್ಕೆ ಊರುಗೋಲು ಬೇಕು. ಕಂಚಿಗೆ ಅದರ ಹಂಗಿಲ್ಲ. ಗ್ರೀಸ್‌ನ ಆರ್ಟಿಮಿಸಿಯನ್ ಭೂಶಿರದ ಹತ್ತಿರ ಸಮುದ್ರದಲ್ಲಿ ಸಿಕ್ಕಿದ ದೇವರು ಸುಮಾರು 2.09 ಮೀಟರ್ ಎತ್ತರ. ಎರಡೂ ತೋಳು ಅಗಲಕ್ಕೆ ಚಾಚಿ, ಹಿಂದಿನ ಕಾಲಿನ ಹಿಮ್ಮಡಿ ಎತ್ತಿ ನಿಂತಿದ್ದಾನೆ. ಕೈಯಲ್ಲಿದ್ದ ಆಯುಧ ಕಳೆದುಹೋಗಿದೆ. ಹಾಗಾಗಿ ಸಿಡಿಲು ಹಿಡಿದ ಜೀಯಸ್ಸೋ ತ್ರಿಶೂಲ ಹಿಡಿದ ಪೊಸೈಡನ್ನೋ ಅಂತ ವಿದ್ವಾಂಸರು ಇನ್ನೂ ಜಗಳವಾಡುತ್ತಿದ್ದಾರೆ. ಯಾರಾದರೂ ಆಗಲಿ, ಕಲ್ಲಿನಲ್ಲಿ ಹಾಗೆ ನಿಲ್ಲಲು ಅವನಿಂದ ಆಗುತ್ತಿರಲಿಲ್ಲ.

ಕಂಚಿಗೆ ಇದು ಸಾಧ್ಯವಾದದ್ದು ಮೂರ್ತಿ ಒಳಗೆ ಟೊಳ್ಳಾಗಿದ್ದರಿಂದ. ಮಣ್ಣಿನ ತಿರುಳಿನ ಮೇಲೆ ತೆಳ್ಳಗೆ ಜೇನುಮೇಣ, ಅದರ ಮೇಲೆ ಮತ್ತೆ ಮಣ್ಣಿನ ಅಚ್ಚು. ಸುಟ್ಟರೆ ಮೇಣ ಕರಗಿ ಹರಿದುಹೋಗುತ್ತದೆ. ಅದು ಬಿಟ್ಟುಹೋದ ಜಾಗಕ್ಕೆ ತಾಮ್ರ-ತವರದ ಎರಕ ಹೊಯ್ಯುತ್ತಾರೆ. ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ ‘ಮಾನಸೋಲ್ಲಾಸ’ದಲ್ಲಿ ಮೇಣದ ಎರಕವನ್ನು ವಿವರಿಸಿದ್ದಾನಲ್ಲ, ಮೂಲ ಉಪಾಯ ಅದೇ. ಗ್ರೀಕರು ದೊಡ್ಡ ಮೂರ್ತಿಯ ತಲೆ, ಕೈ, ಕಾಲುಗಳನ್ನು ಬೇರೆ ಬೇರೆ ಎರಕ ಹೊಯ್ದು ಆಮೇಲೆ ಬೆಸೆಯುತ್ತಿದ್ದರು. ಬರ್ಲಿನ್‌ನಲ್ಲಿ ಒಂದು ಕುಡಿಯುವ ಬಟ್ಟಲಿದೆ, ಕ್ರಿ.ಪೂ. 480ರ ಆಸುಪಾಸಿನದು. ಅದರ ಮೇಲೆ ಎರಕದ ಕಾರ್ಖಾನೆಯ ಚಿತ್ರ. ಒಂದು ಕಡೆ ಕುಲುಮೆ. ಗೋಡೆಗೆ ನೇತುಹಾಕಿದ ಬಿಡಿ ಪಾದಗಳು. ಇನ್ನೊಂದು ಕಡೆ ತಲೆಯಿಲ್ಲದ ಮೂರ್ತಿಯ ಮೇಲೆ ಒಬ್ಬ ಕೆಲಸ ಮಾಡುತ್ತಿದ್ದಾನೆ, ತಲೆ ಕೆಳಗೆ ನೆಲದ ಮೇಲೆ ಬಿದ್ದಿದೆ. ವೈನ್ ಕುಡಿಯುವ ಬಟ್ಟಲಿಗೆ ಇಂಥ ಚಿತ್ರ ಬೇಕು ಅನ್ನಿಸಿತಲ್ಲ ಅವರಿಗೆ, ನನಗೆ ಅದೇ ಖುಷಿ.

ಹಾಗಾದರೆ ಅಷ್ಟೆಲ್ಲ ಕಂಚು ಎಲ್ಲಿ ಹೋಯಿತು? ಲೈಸಿಪಸ್ ಅನ್ನುವ ಶಿಲ್ಪಿ ಒಬ್ಬನೇ 1500 ಕೃತಿ ಮಾಡಿದ್ದ ಅಂತ ರೋಮಿನ ಪ್ಲಿನಿ ಬರೆದಿದ್ದಾನೆ. ಸಂಖ್ಯೆ ಸ್ವಲ್ಪ ಉಬ್ಬಿಸಿದ್ದೇ ಇರಲಿ. ಅವನದೇ ಅಂತ ಎಲ್ಲರೂ ಒಪ್ಪುವ ಕಂಚು ಇವತ್ತು ಒಂದೂ ಇಲ್ಲ. ಕಾರಣ ಸರಳ: ಕಂಚು ಕರಗುತ್ತದೆ, ಕರಗಿದ ಮೇಲೂ ಅದಕ್ಕೆ ಬೆಲೆ ಇರುತ್ತದೆ. ನಮ್ಮಲ್ಲಿ ಪಾತ್ರೆ ಅಂಗಡಿಗೆ ಅಜ್ಜಿಯ ಕಾಲದ ಹಂಡೆ ಹಾಕಿ ಹೊಸ ಪಾತ್ರೆ ತರುತ್ತಿದ್ದರಲ್ಲ, ಹಾಗೆ. 1204ರಲ್ಲಿ ಶಿಲುಬೆ ಯುದ್ಧದವರು ಕಾನ್‌ಸ್ಟಾಂಟಿನೋಪಲ್ ನಗರವನ್ನು ಲೂಟಿ ಮಾಡಿದಾಗ ಅಲ್ಲಿದ್ದ ಲೈಸಿಪಸ್ ಮಾಡಿದ, ಗ್ರೀಕ್ ಪುರಾಣದ ವೀರ ಹೆರಾಕ್ಲಿಸ್‌ನ ಮೂರ್ತಿ ಕೂಡ ಕುಲುಮೆಗೆ ಹೋಯಿತು. ಟಂಕಿಸಿದ್ದು ಚಿಲ್ಲರೆ ನಾಣ್ಯ!

ಉಳಿದವು ಉಳಿದದ್ದು ಯಾರದೋ ಕಾಳಜಿಯಿಂದಲ್ಲ, ಮನುಷ್ಯರ ಕೈಗೆ ಸಿಗದೆ ಹೋದದ್ದರಿಂದ. ಆರ್ಟಿಮಿಸಿಯನ್ ದೇವರು ಹಡಗಿನ ಜೊತೆ ಮುಳುಗಿದ. 1972ರಲ್ಲಿ ದಕ್ಷಿಣ ಇಟಲಿಯ ರಿಯಾಚೆ ಹತ್ತಿರ ಒಬ್ಬ ಮುಳುಗುಗಾರನಿಗೆ ಕಂಡ ಇಬ್ಬರು ಯೋಧರೂ ಕಡಲಡಿಯಲ್ಲೇ ಇದ್ದವರು. ಗ್ರೀಸ್‌ನ ಡೆಲ್ಫಿಯ ರಥದ ಸಾರಥಿ ಮಣ್ಣಿನಡಿ ಹೂತುಹೋಗಿದ್ದ, 1896ರಲ್ಲಿ ಹೊರಬಂದ. ಅಥೆನ್ಸ್‌ನ ಬಂದರು ಪಿರೇಯಸ್‌ನಲ್ಲಿ 1959ರಲ್ಲಿ ಚರಂಡಿಗೆ ಅಗೆಯುವಾಗ ಅಪೊಲೊ, ಅಥೀನಾ, ಆರ್ಟಿಮಿಸ್ ಒಟ್ಟಿಗೇ ಸಿಕ್ಕಿದರು.

ಈಗ ಅರಿಸ್ಟಾಟಲ್. ಮೇಷ್ಟ್ರೇ, ‘ಕಂಚು ಕಂಚು, ಮೂರ್ತಿ ಆಕಾರ’ ಅಂತ ನೀವು ಅಷ್ಟು ಸಲೀಸಾಗಿ ಬರೆದಿರಲ್ಲ, ಆ ಸಲೀಸು ಬಂದದ್ದೇ ಅವನಿಂದ. ಒಂದು ವಸ್ತು ಯಾಕೆ ಹೀಗಿದೆ ಅಂದರೆ ನಾಲ್ಕು ಬಗೆಯ ಉತ್ತರ ಇರುತ್ತದೆ ಅನ್ನುತ್ತಾನೆ ಅವನು. ಯಾವುದರಿಂದ ಆಯಿತು, ಯಾವ ರೂಪ ತಾಳಿತು, ಯಾರು ಮಾಡಿದರು, ಯಾತಕ್ಕಾಗಿ. ಮೊದಲನೆಯದಕ್ಕೆ ಅವನು ಕೊಡುವ ಉದಾಹರಣೆ ಪ್ರತಿಮೆಯ ಕಂಚು. ಪಾಲಿಕ್ಲೈಟಸ್ ಹೆಸರೂ ಅವನ ಬರಹದಲ್ಲಿ ಬರುತ್ತದೆ.

ಕಲ್ಲಿನ ಮೂರ್ತಿ ಒಡೆದರೆ ಚೂರು, ಅಷ್ಟೇ. ಅದರಿಂದ ಇನ್ನೊಂದು ಮೂರ್ತಿ ಆಗದು. ಕಂಚಿನ ಮೂರ್ತಿ ಕರಗಿಸಿದರೆ ಕಂಚು ಪೂರ್ತಿ ಇರುತ್ತದೆ, ಮೂರ್ತಿ ಮಾತ್ರ ಇರುವುದಿಲ್ಲ. ಅಂದರೆ ಎರಡೂ ಒಂದೇ ಅಲ್ಲ, ಅಲ್ವಾ? ಇದನ್ನು ಕಣ್ಣಿಗೆ ಕಾಣುವಂತೆ ತೋರಿಸಲು ಕಂಚಿಗಿಂತ ಒಳ್ಳೆಯ ಉದಾಹರಣೆ ಆ ಕಾಲದಲ್ಲಿ ಯಾವುದಿತ್ತು? ಮನುಷ್ಯನ ವಿಷಯಕ್ಕೆ ಬಂದರೆ ಇಷ್ಟು ಸುಲಭವಿಲ್ಲ ಅಂತಲೂ ಅವನೇ ಹೇಳುತ್ತಾನೆ. ವೃತ್ತವನ್ನು ಕಂಚಿನಲ್ಲೂ ನೋಡುತ್ತೇವೆ, ಕಲ್ಲಿನಲ್ಲೂ ನೋಡುತ್ತೇವೆ, ಆದ್ದರಿಂದ ಆಕಾರ ಬೇರೆ ಅಂತ ಹೊಳೆಯುತ್ತದೆ. ಮನುಷ್ಯನನ್ನು ಮೂಳೆ ಮಾಂಸದಲ್ಲಿ ಬಿಟ್ಟು ಬೇರೆಲ್ಲೂ ನೋಡಿಲ್ಲವಲ್ಲ. ಒಂದು ವೇಳೆ ನಾವು ಕಂಡ ವೃತ್ತಗಳೆಲ್ಲ ಕಂಚಿನವೇ ಆಗಿದ್ದರೂ ಕಂಚು ವೃತ್ತದ ರೂಪದ ಭಾಗ ಆಗುತ್ತಿರಲಿಲ್ಲ, ಆದರೆ ಅದು ನಮಗೆ ಹೊಳೆಯುವುದು ಕಷ್ಟವಾಗುತ್ತಿತ್ತು ಅನ್ನುತ್ತಾನೆ. ಅವನ ಬರಹದಲ್ಲಿ ನನಗೆ ತುಂಬ ಹಿಡಿಸಿದ ಜಾಗ ಇದು.

ಈ ಪಾಠ ಅವನದೇ ಶಾಲೆಯವನೊಬ್ಬನ ಮೇಲೆ ನಿಜವಾಗಿಬಿಟ್ಟಿತು. ಫಲೇರಂನ ಡಿಮಿಟ್ರಿಯಸ್ ಅಂತ. ಅರಿಸ್ಟಾಟಲ್‌ನ ನಂತರ ಶಾಲೆ ನಡೆಸಿದ ಥಿಯೋಫ್ರಾಸ್ಟಸ್‌ನ ಶಿಷ್ಯ. ಕ್ರಿ.ಪೂ. 317ರಿಂದ 307ರವರೆಗೆ ಅಥೆನ್ಸ್ ಆಳಿದ. ಊರಿನ ತುಂಬ ಅವನ ಕಂಚಿನ ಮೂರ್ತಿಗಳು, 300ಕ್ಕೂ ಜಾಸ್ತಿ ಇದ್ದವಂತೆ. ಅಧಿಕಾರ ಹೋಯಿತು, ಜನ ಅವನ್ನು ಕೆಡವಿದರು. ಕೆಲವನ್ನು ಕರಗಿಸಿ ರಾತ್ರಿ ಮಂಚದ ಪಕ್ಕ ಇಟ್ಟುಕೊಳ್ಳುವ ಉಚ್ಚೆ ಪಾತ್ರೆ ಮಾಡಿದರು ಅಂತ ಹಳೆಯ ಲೇಖಕರು ಬರೆದಿದ್ದಾರೆ. ಕಂಚು ಅದೇ, ರೂಪ ಬೇರೆ!

ಕಂಚಿನ ಮಾತನ್ನು ಎಲ್ಲರಿಗಿಂತ ಚೂಪಾಗಿ ಆಡಿದವನು ಗ್ರೀಕ್ ತತ್ವಜ್ಞಾನಿ ಡಯೋಜಿನಿಸ್. ಮೂರ್ತಿಗೆ ಯಾವ ಕಂಚು ಒಳ್ಳೆಯದು ಅಂತ ಒಬ್ಬ ಸರ್ವಾಧಿಕಾರಿ ಕೇಳಿದನಂತೆ. ಹಾರ್ಮೋಡಿಯಸ್, ಅರಿಸ್ಟೋಗೈಟನ್ ಮೂರ್ತಿಗಳಿಗೆ ಬಳಸಿದ ಕಂಚು ಅಂದ ಇವನು. ಅವರಿಬ್ಬರು ಕ್ರಿ.ಪೂ. 514ರಲ್ಲಿ ಅಥೆನ್ಸ್‌ನ ಸರ್ವಾಧಿಕಾರಿಯ ತಮ್ಮ ಹಿಪಾರ್ಕಸ್‌ನನ್ನು ಕೊಂದವರು! ಇದೇ ಡಯೋಜಿನಿಸ್ ಮೂರ್ತಿಗಳ ಮುಂದೆ ನಿಂತು ಭಿಕ್ಷೆ ಬೇಡುತ್ತಿದ್ದ ಅಂತಲೂ ಕಥೆ ಇದೆ. ಯಾಕಪ್ಪಾ ಅಂದರೆ, ಇಲ್ಲ ಅನ್ನಿಸಿಕೊಳ್ಳುವುದನ್ನು ಅಭ್ಯಾಸ ಮಾಡುತ್ತಿದ್ದೇನೆ ಅಂದನಂತೆ.

ಇನ್ನು ನಿಮ್ಮ ಮಗಳ ಪ್ರವಾಸ. ರಿಯಾಚೆಯ ಯೋಧರು ಇರುವುದು ರೆಜಿಯೊ ಕಲಾಬ್ರಿಯಾದಲ್ಲಿ, ಇಟಲಿಯ ಬೂಟಿನ ತುದಿಗೆ ಹೋಗಬೇಕು. ಒಬ್ಬನ ತುಟಿ ತಾಮ್ರ, ಹಲ್ಲು ಬೆಳ್ಳಿ, ಬಾಯಿ ಸ್ವಲ್ಪ ತೆರೆದೇ ಇದೆ. ಅಷ್ಟು ದೂರ ಆಗದಿದ್ದರೆ ಪರವಾಗಿಲ್ಲ, ರೋಮ್‌ನ ಪಲಾತ್ಸೊ ಮಾಸ್ಸಿಮೊ ಮ್ಯೂಸಿಯಂ ಬಿಡಬಾರದು. ಅಲ್ಲಿ ಕೂತಿರುವ ಬಾಕ್ಸರ್ ಇದ್ದಾನೆ, 1885ರಲ್ಲಿ ಅದೇ ಊರಲ್ಲಿ ಸಿಕ್ಕಿದ್ದು. ಮೂಗು ಮುರಿದಿದೆ, ಕಿವಿ ಊದಿದೆ, ಕೈಗೆ ಚರ್ಮದ ಪಟ್ಟಿ. ಮುಖದ ಗಾಯಗಳಲ್ಲಿ ಕೆಂಪು ತಾಮ್ರ ಕೂರಿಸಿದ್ದಾರೆ. ಅವನು ತಲೆ ತಿರುಗಿಸಿ ಯಾರನ್ನೋ ನೋಡುತ್ತಿದ್ದಾನೆ. ಆ ತಿರುಗಿದ ರಭಸಕ್ಕೆ ರಕ್ತದ ಹನಿ ಬಲತೋಳಿನ ಮೇಲೂ ತೊಡೆಯ ಮೇಲೂ ಬಿದ್ದಿದೆ, ಅದೂ ತಾಮ್ರದಲ್ಲೇ. ಮುಂದಿನಿಂದ ಒಂದು ಫೋಟೋ ತೆಗೆದು ಹೊರಡುವ ಜನ ಜಾಸ್ತಿ. ಸುತ್ತು ಬಂದು ಬಲಗಡೆ ನಿಂತು ನೋಡಲು ಹೇಳಿ. ಈಟಿ ಯುವಕನ ಒಳ್ಳೆಯ ನಕಲು ನೇಪಲ್ಸ್‌ನಲ್ಲಿದೆ, ಸಮಯ ಉಳಿದರೆ ಅದನ್ನೂ ನೋಡಲಿ. ಬಾಕ್ಸರ್‌ನ ಫೋಟೋ ತೆಗೆದರೆ ನಮಗೂ ಒಂದು ಕಳಿಸಲಿ, ಮುಂದಿನ ಸಲ ಕಂಚಿನದ್ದೇ ಹಾಕೋಣ.

— ಸಂಪಾದಕ